ಅರಿಶಿನದ ಕೆಳಗಿನ ಎರಡು ಅಕ್ಷರ

ನನ್ನ ಬಳಿ ಒಂದು ನೋಟ್‌ಬುಕ್ ಇದೆ. ಅದರ ನಲವತ್ತನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಎಳೆದ ಎರಡು ಖಾಲಿ ಚೌಕಗಳಿವೆ. ಒಂದೊಂದರಲ್ಲಿ ಒಂದೊಂದು ಅಕ್ಷರ ಕೂರಬೇಕಿತ್ತು. ಹನ್ನೊಂದು ವರ್ಷದಿಂದ ಅವು ಖಾಲಿ ಇವೆ, ಇನ್ನು ಮುಂದೆಯೂ ಖಾಲಿಯೇ ಇರುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆ ಏನೋ ಸಿಕ್ಕೀತು ಎಂಬ ಆಸೆಯಿಂದ ಯಾರೂ ಓದುವುದು ಬೇಡ. ಹಾಗೆ ಆಸೆಪಟ್ಟು ನನಗೇ ಸಾಕಾಗಿದೆ.

ನಾನು ಸರ್ವೆ ಕಚೇರಿಯ ಗುಮಾಸ್ತ. ಮನೆ ಶಹಾಪುರದಲ್ಲಿ. ಹೊಲದ ಗಡಿ, ಬಾಂದುಕಲ್ಲು, ನಕ್ಷೆಯ ನಕಲು ಕೇಳುವ ಅರ್ಜಿ, ಇವುಗಳ ನಡುವೆ ಹಗಲು ಕಳೆಯುವವನಿಗೆ ಎರಡು ಸಾವಿರ ವರ್ಷ ಹಳೆಯ ನಾಣ್ಯಗಳ ಹುಚ್ಚು ಹಿಡಿದದ್ದು ಒಂದು ಗುಜರಿ ಅಂಗಡಿಯಲ್ಲಿ. ಬಾಗಿಲಿಗೆ ಹಳೆಯ ಕಾಲದ ಕೊಂಡಿಯೊಂದನ್ನು ಹುಡುಕಿಕೊಂಡು ಹೋಗಿದ್ದೆ. ಅಂಗಡಿಯವನು ನನ್ನ ವಾರಿಗೆಯವನೇ, ಮನೆಯಲ್ಲಿ ದಖ್ಖನಿ ಉರ್ದು ಆಡುವವನು, ನನ್ನ ಜೊತೆ ಅದನ್ನೂ ಕನ್ನಡವನ್ನೂ ಕಲಸಿ ಮಾತಾಡುತ್ತಾನೆ. ಕೊಂಡಿ ಸಿಗಲಿಲ್ಲ. ಅವನು ಗಲ್ಲಾಪೆಟ್ಟಿಗೆಯ ಮೂಲೆಯಿಂದ ಒಂದು ಕಪ್ಪು ಬಿಲ್ಲೆ ತೆಗೆದು ನನ್ನ ಅಂಗೈಗೆ ಹಾಕಿದ.

"ಸೀಸ ಅದ ಸಾಬ್. ಕರಗಸಾಕ ಹಾಕ್ತಿದ್ದೆ, ಆನಿ ಕಂಡ್ತು. ದಿಲ್ ನಹೀ ಹುವಾ, ಮನಸ್ಸ ಬರಲಿಲ್ಲ. ನೀವು ಓದಿದ ಮಂದಿ, ಇಟ್ಕೋರಿ."

ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಗೆರೆಗಳಿಂದ ಕೂಡಿಸಿದ ನಾಲ್ಕು ಉಂಗುರ. ಆನೆಯ ಬೆನ್ನಿನ ಮೇಲೆ ಕಡ್ಡಿ ಮುರಿದು ಹಾಕಿದಂಥ ಕೆಲವು ಗೀರು. ಆ ಗೀರು ಬ್ರಾಹ್ಮಿ ಅಕ್ಷರಗಳು ಎಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಆ ಲಿಪಿಯನ್ನು ಬಸ್ಸಿನಲ್ಲಿ ಕೂತು ಕಲಿತೆ. ಮೊದಲ ಬಾರಿಗೆ 'ರಞೋ ಸಿರಿ' ಎಂದು ನಾನೇ ಓದಿದ ದಿನ ಪಕ್ಕದ ಸೀಟಿನ ಅಪರಿಚಿತನಿಗೆ ಹೇಳಿಬಿಟ್ಟೆ, 'ಶ್ರೀ ರಾಜನ' ಅಂತ ಬರೆದಿದೆ ನೋಡಿ ಎಂದು. ಅವನು ಕಿಟಕಿಯ ಕಡೆ ಸರಿದು ಕೂತ.

ಈ ಸಣ್ಣ ನಾಣ್ಯಗಳ ಕಷ್ಟ ಏನೆಂದರೆ, ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಅವಸರದ ಗುಮಾಸ್ತನೊಬ್ಬ ಸಣ್ಣ ಚೀಟಿಯ ಮೇಲೆ ದೊಡ್ಡ ಮೊಹರು ಒತ್ತಿದ ಹಾಗೆ. ಒಂದರ ಮೇಲೆ ಆನೆಯ ಬಾಲ ಬಿದ್ದಿರುತ್ತದೆ, ತಲೆ ಇರುವುದಿಲ್ಲ. ಇನ್ನೊಂದರ ಮೇಲೆ ಕಾಲಷ್ಟೇ. ಸುತ್ತಲೂ ಬರೆದ ರಾಜನ ಹೆಸರು ಯಾವ ಒಂದು ನಾಣ್ಯದಲ್ಲೂ ಪೂರ್ತಿ ಸಿಗುವುದಿಲ್ಲ. ಒಂದೇ ಬಗೆಯ ನಾಲ್ಕಾರು ನಾಣ್ಯ ಕೂಡಿಸಿ, ಇದರ ಆರಂಭ, ಅದರ ಕೊನೆ ಎಂದು ಜೋಡಿಸಿ ಓದಬೇಕು. ಒಂದೇ ಬಗೆ ಎಂದು ಗುರುತಿಸುವುದು ಆನೆಯಿಂದ. ಸೊಂಡಿಲು ಎತ್ತಿದೆಯೋ ಇಳಿಸಿದೆಯೋ, ಕಾಲು ನಡೆಯುತ್ತಿವೆಯೋ ನಿಂತಿವೆಯೋ, ಕಿವಿಯ ಬಳಿ ಚುಕ್ಕೆ ಇದೆಯೋ ಇಲ್ಲವೋ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದೇ ನನ್ನ ಹವ್ಯಾಸ. ಹೆಂಡತಿ ಒಮ್ಮೆ ಹೇಳಿದಳು, "ಬ್ಯಾರೆ ಗಂಡಸರು ಇಸ್ಪೀಟ್ ಆಡ್ತಾರ. ಅದರಾಗರ ನಾಕು ಮಂದಿ ಕೂಡಿ ಕುಂದರ್ತಾರ."

ಗುಜರಿ ಅಂಗಡಿಯಿಂದಲೇ ಮುಂದಿನ ವರ್ಷಗಳಲ್ಲಿ ಅದೇ ಬಗೆಯ ಇನ್ನೆರಡು ಸಿಕ್ಕವು. ಮೂರರಲ್ಲೂ ಸೊಂಡಿಲಿನ ತುದಿ ಒಳಕ್ಕೆ ಸುರುಳಿ ಸುತ್ತಿತ್ತು. ನಾನು ನೋಡಿದ ಯಾವ ಪುಸ್ತಕದಲ್ಲೂ ಅಂಥ ಆನೆ ಇರಲಿಲ್ಲ. ಅಕ್ಷರ ಜೋಡಿಸಿದರೆ ಆರಂಭ ಸಿಕ್ಕಿತು, ಕೊನೆ ಸಿಕ್ಕಿತು, ನಡುವಿನ ಎರಡು ಅಕ್ಷರ ಇಲ್ಲ. ಮೂರೂ ನಾಣ್ಯಗಳಲ್ಲಿ ಆನೆಯ ನೆತ್ತಿಯ ಮೇಲಿನ ಜಾಗ ಬಿಲ್ಲೆಯ ಆಚೆ ಹೋಗಿತ್ತು. ಆ ಎರಡರಲ್ಲಿ ಮೊದಲನೆಯದು 'ಕ' ಆದರೆ ಅದು ಎಲ್ಲೆಡೆ ಸಿಗುವ ರಾಜನ ನಾಣ್ಯ. ಬ್ರಾಹ್ಮಿಯ 'ಕ' ನಮ್ಮ ಕೂಡಿಸುವ ಲೆಕ್ಕದ ಗುರುತಿನ ಹಾಗೇ ಇರುತ್ತದೆ. ಅದು 'ಗ' ಆದರೆ, ಅಂದರೆ ಗುಡಾರದ ಆಕಾರದ ಅಕ್ಷರವಾದರೆ, ಅಂಥ ಹೆಸರಿನ ರಾಜನ ನಾಣ್ಯವನ್ನು ಈವರೆಗೆ ಯಾರೂ ಗುರುತಿಸಿಲ್ಲ ಎಂದು ನನ್ನ ತಿಳುವಳಿಕೆ. ಮೂರನೆಯ ನಾಣ್ಯದ ಅಂಚಿಗೆ ಓರೆಯಾದ ಒಂದು ಗೀರಿತ್ತು. ಗುಡಾರದ ಒಂದು ಬದಿ ಅದು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆಗಲೇ ಆ ಎರಡು ಚೌಕ ಬರೆದದ್ದು.

ಅದು ನನಗೆ ಯಾಕೆ ಅಷ್ಟು ಬೇಕಿತ್ತು ಎಂದರೆ, ಮೂವತ್ತು ವರ್ಷ ನಾನು ಬೇರೆಯವರ ಅಳತೆಯ ನಕಲು ಮಾಡಿದ್ದೇನೆ. ನಾನು ಮೊದಲು ಕಂಡೆ ಎನ್ನುವಂಥದ್ದು ಒಂದಾದರೂ ಇರಲಿ ಎನ್ನಿಸಿತು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಚೌಕ ಬರೆದು ಎಂಟು ವರ್ಷವಾದ ಮೇಲೆ ನನಗೆ ಸುರಪುರದಲ್ಲಿ ಕೆಲಸ ಬಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಮಧ್ಯಾಹ್ನದ ಊಟ ಏರುದಾರಿಯ ಒಂದು ಖಾನಾವಳಿಯಲ್ಲಿ. ಅದನ್ನು ನಡೆಸುವ ಹೆಣ್ಣುಮಗಳು ನನಗಿಂತ ಚಿಕ್ಕವರೇ, ಆದರೂ ನಾನು ಅಕ್ಕಾರ ಎನ್ನುತ್ತಿದ್ದೆ, ಅವರು ನನಗೆ ಸಾಹೇಬ್ರ ಎನ್ನುತ್ತಿದ್ದರು. ಬಾಯಿ ಜೋರು, ರೊಟ್ಟಿ ತೆಳು. ಪಲ್ಯ ಬಿಟ್ಟವರನ್ನು ಏಳಗೊಡುತ್ತಿರಲಿಲ್ಲ. ಒಲೆಯ ಎದುರಿನ ಗೋಡೆಗೆ ಅವರ ದೇವರ ಜಗಲಿ, ಪಟಗಳನ್ನಿಟ್ಟು ಪೂಜಿಸುವ ಕಟ್ಟೆ. ಒಂದು ದಿನ ಕೈ ತೊಳೆದು ಬರುವಾಗ ಜಗಲಿಯ ಮೇಲೆ, ಲಕ್ಷ್ಮಿಯ ಪಟದ ಮುಂದೆ, ಹಳದಿ ಮುದ್ದೆಯಂಥದ್ದೊಂದು ಕಂಡಿತು. ಅರಿಶಿನ, ಕುಂಕುಮ, ಎಣ್ಣೆ ಜಿಡ್ಡು ಸೇರಿ ಗಟ್ಟಿಯಾದ ಪದರ. ಒಂದು ಕಡೆ ಪದರ ತೆಳುವಾಗಿತ್ತು, ಅಲ್ಲಿ ಒಳಕ್ಕೆ ಸುರುಳಿ ಸುತ್ತಿದ ಸೊಂಡಿಲು.

ಒದ್ದೆ ಕೈಯಲ್ಲೇ ನಿಂತೆ.

"ಏನ್ ನೋಡಾಕತ್ತೀರಿ ಸಾಹೇಬ್ರ? ಅದು ನಮ್ಮ ಅತ್ತಿಯವ್ರಿಗಿ ಹೊಲದಾಗ ಸಿಕ್ಕಿದ್ದು. ಆನಿ ಅದ ಅಲ್ರಿ, ಲಕ್ಷ್ಮಿ ಮನಿಗಿ ಬಂದಾಳ ಅಂತ ಜಗಲಿ ಮ್ಯಾಲ ಇಟ್ಟಿದ್ರು."

ಇಲ್ಲಿ ಆನೆಯ ಬಾಲದ ಕಡೆ ತುಂಡಾಗಿತ್ತು, ನೆತ್ತಿಯ ಮೇಲೆ ಜಾಗ ಧಾರಾಳವಿತ್ತು. ನನ್ನ ಮೂರರಲ್ಲಿ ಇಲ್ಲದ್ದೆಲ್ಲ ಇದರಲ್ಲಿ ಇರಲೇಬೇಕು. ಹಳದಿ ಪದರದ ಮೇಲೆ ಅಲ್ಲಲ್ಲಿ ಉಬ್ಬೂ ಕಾಣುತ್ತಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದೆ. ಫೋಟೋದಲ್ಲಿ ಅರಿಶಿನ ಚೆನ್ನಾಗಿ ಬಂತು.

ಒಮ್ಮೆ ತೊಳೆದು ಕೊಡಿ ಎಂದೆ. ಅವರು ನಾಲಿಗೆ ಕಚ್ಚಿಕೊಂಡರು. ಜಗಲಿಯ ಮೇಲಿನದನ್ನು ಗಂಡಸರು ಮುಟ್ಟುವ ಹಾಗಿಲ್ಲ. ದೀಪಾವಳಿ ಅಮಾವಾಸ್ಯೆಗೆ ಮಾತ್ರ ಅದನ್ನು ಕೆಳಗಿಳಿಸುವುದು, ಆಗಲೂ ಹಾಲು ಸುರಿದು ಮೇಲೊಂದು ಅರಿಶಿನ ಹಚ್ಚುವುದಷ್ಟೇ, ತಿಕ್ಕುವುದಿಲ್ಲ. ಅತ್ತೆ ಹಚ್ಚಿದ ಅರಿಶಿನವನ್ನು ಸೊಸೆ ತೆಗೆಯಬಾರದು ಎಂಬುದು ಆ ಮನೆಯ ಪದ್ಧತಿ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಅವರ ಕೈಯ ಅರಿಶಿನ ಅಲ್ಲೇ ಕೆಳಗಿತ್ತು.

ನಾನು ಬಿಡಲಿಲ್ಲ. ದಿನಾ ಊಟಕ್ಕೆ ಕೂತಾಗ ಅದೇ ಮಾತು. ಇದು ಎರಡು ಸಾವಿರ ವರ್ಷದ್ದು, ಇಂಥದ್ದು ಬೇರೆಲ್ಲೂ ಇಲ್ಲ, ಅರಿಶಿನದ ಕೆಳಗೆ ರಾಜನ ಹೆಸರಿದೆ, ಆ ಹೆಸರು ಓದಿದರೆ ನಿಮ್ಮ ಮನೆಯ ಲಕ್ಷ್ಮಿಯ ವಿಷಯ ಪುಸ್ತಕದಲ್ಲಿ ಬರುತ್ತದೆ. ಅವರು ಮೊದಲು ನಕ್ಕರು, ಆಮೇಲೆ ರೊಟ್ಟಿ ಬಡಿಯುತ್ತ ಜಗಲಿಯ ಕಡೆ ನೋಡತೊಡಗಿದರು. ಅವರ ಮನಸ್ಸು ಕದಲಿದ್ದನ್ನು ಕಂಡು ನನಗೆ ಒಳಗೊಳಗೇ ಖುಷಿಯಾಗಿತ್ತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ ನನಗೆ ಯಾದಗಿರಿಗೆ ವರ್ಗವಾಯಿತು. ಕೊನೆಯ ದಿನ ಊಟ ಮುಗಿಸಿ ಹೇಳಿದೆ, "ಅಕ್ಕಾರ, ಅರಿಶಿನ ಹೋದ್ರ ಅಕ್ಷರ ಕಾಣ್ತಾವ. ನೀವು ಒಮ್ಮೆ ತೆಗೀರಿ. ಕಂಡ ಕೂಡ್ಲೇ ಫೋನ್ ಮಾಡ್ರಿ, ನಾ ಓಡಿ ಬರ್ತೀನಿ."

"ಅತ್ತಿ ಸಿಟ್ಟಾಗಲಿಕ್ಕಿಲ್ಲ ಅಂತೀರೇನ್ರಿ?"

"ಹೆಸರು ಓದಿದ್ರ ಖುಷಿಯಾಗ್ತಾರ."

ಎಂದೂ ನೋಡದ ಅವರ ಅತ್ತೆಯ ಪರವಾಗಿ ನಾನೇ ಒಪ್ಪಿಗೆ ಕೊಟ್ಟುಬಿಟ್ಟೆ.

ಯಾದಗಿರಿಯಲ್ಲಿ ಕೂತು ಒಂದು ಕೆಲಸ ಮಾಡಿದೆ. ದೂರದ ಊರಿನ ಒಬ್ಬ ನಾಣ್ಯ ಪಂಡಿತರ ನಂಬರು ಸಿಕ್ಕಿತ್ತು, ಅವರಿಗೆ ನನ್ನ ಮೂರು ನಾಣ್ಯಗಳ ಫೋಟೋ ಕಳಿಸಿದೆ, ಜೊತೆಗೆ ಎರಡು ಪುಟದ ವಿವರಣೆ. ಹಲವು ವಾರ ಉತ್ತರವಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎರಡು ಸಾಲು ಬಂತು. ಇದು ಸಾಮಾನ್ಯ ಬಗೆ, ಸವೆದ ಅಚ್ಚಿನಿಂದ ಸೊಂಡಿಲು ಹಾಗೆ ಕಂಡಿದೆ. ಹೊಸದು ಎನ್ನುವುದಕ್ಕೆ ಮೊದಲು ಹೆಸರು ಓದಿ ತೋರಿಸಿ. ಅದರ ಕೆಳಗೆ ಒಂದು ನಗುವ ಮುಖ.

ಆ ನಗುವ ಮುಖ ನನ್ನನ್ನು ಇಡೀ ದಿನ ಸುಟ್ಟಿತು. ಅದೇ ದಿನ ಮಧ್ಯಾಹ್ನ ಸುರಪುರದಿಂದ ಅಕ್ಕನ ಫೋನು.

"ಸಾಹೇಬ್ರ, ಅರಿಶಿನ ಬಿಟ್ಟದ ನೋಡ್ರಿ. ಕೆಳಗ..."

"ಕಚೇರ್‍ಯಾಗ ಇದ್ದೀನ್ರಿ. ಬಿಡುವಾದಾಗ ಬರ್ತೀನಿ," ಎಂದು ಕತ್ತರಿಸಿದೆ. ಕಚೇರಿಯಲ್ಲಿ ಅಂಥ ಕೆಲಸವೇನೂ ಇರಲಿಲ್ಲ. ಪಂಡಿತರ ಮೇಲಿನ ಸಿಟ್ಟನ್ನು ಖಾನಾವಳಿಯ ಅಕ್ಕನ ಮೇಲೆ ತೀರಿಸಿಕೊಂಡೆ. ನೋಟ್‌ಬುಕ್ಕು, ನಾಣ್ಯದ ಡಬ್ಬಿ ಎರಡನ್ನೂ ಅಟ್ಟಕ್ಕೆ ಹಾಕಿದೆ. ಹೆಂಡತಿ ಇಸ್ಪೀಟಿನ ಮಾತೂ ಆಡಲಿಲ್ಲ. ಆಗ ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು.

ಹೀಗೆ ಒಂದೂವರೆ ವರ್ಷ ಹೋಯಿತು. ಅಕ್ಕ ಮತ್ತೆ ಫೋನ್ ಮಾಡಲಿಲ್ಲ. ಸಾಹೇಬರಿಗೆ ಬಿಡುವಿಲ್ಲ ಎಂದುಕೊಂಡಿರಬೇಕು. ನಾನೂ ಮಾಡಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ಗುಜರಿ ಅಂಗಡಿಯವನು ನಮ್ಮ ಮನೆಯ ತನಕ ಬಂದ. ಹಳೆಯ ಹಿತ್ತಾಳೆ ತಂಬಿಗೆಯೊಂದರ ತಳದಲ್ಲಿ ಮಣ್ಣಿನ ಜೊತೆ ಒಂದು ಬಿಲ್ಲೆ ಸಿಕ್ಕಿತಂತೆ. "ಸಾಬ್, ನಿಮ್ಮ ಆನಿ ಬಂದಾದ ನೋಡ್ರಿ. ಯಾಕ ಅಂಗಡಿ ಕಡಿ ಬರಂಗಿಲ್ಲ?" ಅದು ನಾಲ್ಕನೆಯದು. ಅಚ್ಚು ನಿನ್ನೆ ಒತ್ತಿದಷ್ಟು ಹೊಸತು. ಸೊಂಡಿಲು ಸುರುಳಿಯೇ, ಅದರಲ್ಲಿ ಎರಡು ಮಾತಿಲ್ಲ. ಪಂಡಿತರ ಸವೆದ ಅಚ್ಚಿನ ಮಾತು ಸುಳ್ಳಾಯಿತು. ಅಕ್ಷರಗಳು ಮಾತ್ರ ಇದರಲ್ಲೂ ನೆತ್ತಿಯ ಬಳಿ ಬಿಲ್ಲೆಯ ಆಚೆ. ಅಟ್ಟದಿಂದ ನೋಟ್‌ಬುಕ್ಕು ಇಳಿಸಿ, ಮರುದಿನ ರಜೆ ಹಾಕಿ ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆಯ ಭತ್ತದ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು, ನಾನು ಪಂಡಿತರಿಗೆ ಬರೆಯಬೇಕಾದ ಉತ್ತರವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಕೊನೆಗೆ ನಾನೂ ಒಂದು ನಗುವ ಮುಖ ಹಾಕುವುದೆಂದು ತೀರ್ಮಾನಿಸಿದ್ದೆ.

ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಅಕ್ಕ ಒಬ್ಬರೇ ರೊಟ್ಟಿಯ ಹಲಗೆಯ ಮುಂದೆ ಕೂತಿದ್ದರು. ನನ್ನನ್ನು ಕಂಡು ಎದ್ದೇಬಿಟ್ಟರು.

"ಬರ್ರಿ ಬರ್ರಿ! ಈಗ ನೆನಪಾತೇನ್ರಿ ನಮ್ಮ ರೊಟ್ಟಿ? ತಡೀರಿ, ಮೊದ್ಲ ಲಕ್ಷ್ಮಿ ನೋಡ್ರಿ." ಸೆರಗಿನಲ್ಲಿ ಕೈ ಒರೆಸಿಕೊಂಡು, ಜಗಲಿಯಿಂದ ತಾವೇ ತೆಗೆದು, ನನ್ನ ಅಂಗೈ ಮೇಲೆ ಇಟ್ಟರು. ಗಂಡಸರು ಮುಟ್ಟಬಾರದು ಎಂಬ ನೇಮವನ್ನೂ ನನಗಾಗಿ ಬಿಟ್ಟಿದ್ದರು.

ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎರಡು ಬದಿಯೂ ನುಣ್ಣಗೆ. ಆನೆ ಇದ್ದ ಜಾಗದಲ್ಲಿ ಒಂದು ತಗ್ಗಿನ ನೆರಳು, ಕಣ್ಣು ಕಿರಿದು ಮಾಡಿದರೆ ಬೆನ್ನು ಎನ್ನಬಹುದು. ನೆತ್ತಿಯ ಮೇಲೆ ಏನೇನೂ ಇಲ್ಲ. ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದೆ. ಭೂತಗನ್ನಡಿ ತೆಗೆದೆ. ಇಟ್ಟಿಗೆ ಪುಡಿಯಿಂದ ತಿಕ್ಕಿದಂಥ ಸಣ್ಣ ಸಣ್ಣ ಗೆರೆಗಳು ಮಾತ್ರ, ಎಲ್ಲ ಒಂದೇ ದಿಕ್ಕಿಗೆ.

"ದಿನಾ ತಿಕ್ಕತೀನ್ರಿ," ಎಂದರು ಅಕ್ಕ, ಹೆಮ್ಮೆಯಿಂದ. "ಹುಣಸಿ ಹುಳಿ, ಬೂದಿ, ಇಟ್ಟಂಗಿ ಪುಡಿ. ಇವತ್ತು ಬೆಳ್ಳಗ ಮಾಡಿದ್ರ ನಾಡದ ಮತ್ತ ಕರ್ರಗ ಆಗ್ತಾದ. ನಾನೂ ಬಿಟ್ಟಿಲ್ಲ."

ಸೀಸದ ಗುಣವೇ ಅದು. ತಿಕ್ಕಿದ ದಿನ ಹೊಳೆಯುತ್ತದೆ, ಮತ್ತೆ ಕಪ್ಪಾಗುತ್ತದೆ, ಮತ್ತೆ ತಿಕ್ಕಬೇಕು. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆತ್ತಗೆ. ಅತ್ತೆಯ ಕಾಲದಿಂದ ಅದನ್ನು ಕಾಪಾಡಿದ್ದು ಆ ಅರಿಶಿನದ ಪದರವೇ ಆಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವರು ಹತ್ತಿರ ಬಂದು ಬಗ್ಗಿ ನೋಡಿದರು. "ಅಕ್ಷರ ಇನ್ನಾ ಕಾಣವಲ್ವು ಅಲ್ರಿ? ಅರಿಶಿನ ಹೋದ ಮ್ಯಾಲ ಮೊದ್ಲ ಬರೇ ಕಡ್ಡಿ ಕಡ್ಡಿ, ಗೀರು ಗೀರು ಇದ್ವ್ರಿ. ಅದಽ ದಿನ ನಿಮಗ ಫೋನ್ ಮಾಡಿದ್ದೆ. ಅವು ಭಾಳ ಗಟ್ಟಿ ಕುಂತಿದ್ವು. ಅವನ್ನ ತೆಗಿಯೋದ್ರಾಗ ನನ್ನ ಕೈ ಸೋತು ಹೋತು ನೋಡ್ರಿ."

ಅವರು ಶಾಲೆಯಲ್ಲಿ ನಾಲ್ಕನೆಯ ತರಗತಿ ತನಕ ಓದಿದವರು. ಅಕ್ಷರ ಎಂದರೆ ಅವರಿಗೆ ಕನ್ನಡದ ದುಂಡು ಅಕ್ಷರ. ನಾನು ಎಷ್ಟೆಲ್ಲ ಮಾತಾಡಿದ್ದೆ, ಆ ರಾಜನ ಹೆಸರು ನೋಡಲು ಹೇಗಿರುತ್ತದೆ ಎಂದು ಮಾತ್ರ ಒಂದು ದಿನವೂ ಬರೆದು ತೋರಿಸಿರಲಿಲ್ಲ. ರಾಜನ ಹೆಸರನ್ನು ಹುಡುಕಿಕೊಂಡು ಅವರು ಒಂದೂವರೆ ವರ್ಷ ಅದೇ ರಾಜನ ಹೆಸರನ್ನು ತಿಕ್ಕಿ ತೆಗೆದಿದ್ದರು.

ನನಗೆ ಕೂಗಿಕೊಳ್ಳಬೇಕೆನ್ನಿಸಿತು. ಯಾರ ಮೇಲೆ ಕೂಗಲಿ? ಅವರ ಬೆರಳ ತುದಿಗಳು ಹುಣಸೆ ಹುಳಿಗೆ ಬಿರುಕು ಬಿಟ್ಟಿದ್ದವು. ಹಲಗೆಯ ಪಕ್ಕದಲ್ಲಿ ಕೂತೆ.

"ಅಕ್ಕಾರ," ಎಂದೆ, "ಆ ಕಡ್ಡಿ ಗೀರು ಹ್ಯಾಂಗ ಇದ್ವು ಅಂತ ನೆನಪದೇನ್ರಿ? ನೆತ್ತಿ ಮ್ಯಾಲ ಇದ್ದವು?"

"ದಿನಾ ನೋಡಿದ್ದಲ್ರೀ, ನೆನಪ ಯಾಕಿರಂಗಿಲ್ಲ?" ಹಲಗೆಯ ಮೇಲೆ ಜೋಳದ ಹಿಟ್ಟು ಹರಡಿತ್ತು. ಅದನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ಒಂದು ಉದ್ದ ಗೆರೆ ಎಳೆದರು, ಅದರ ಮೇಲೆ ಒಂದು ಅಡ್ಡ ಗೆರೆ. ಕೂಡಿಸುವ ಗುರುತು. ಪಕ್ಕದಲ್ಲಿ ಇನ್ನೊಂದು ಕಡ್ಡಿ.

'ಕ'. ಎಲ್ಲೆಡೆ ಸಿಗುವ ರಾಜ. ನನ್ನ ಮುಖ ಹೇಗಾಯಿತೋ ನನಗೆ ಗೊತ್ತಿಲ್ಲ, ಅವರು ನೋಡಿದರು.

"ಅಲ್ಲ ಅಲ್ಲ, ತಡೀರಿ," ಎಂದು ಹಿಟ್ಟನ್ನು ಒರೆಸಿದರು. ಈ ಸಲ ಎರಡು ಓರೆ ಗೆರೆ ಎಳೆದರು, ಮೇಲೆ ಕೂಡಿದವು. ಗುಡಾರ. ಹನ್ನೊಂದು ವರ್ಷ ಕಾದ ಅಕ್ಷರ ಜೋಳದ ಹಿಟ್ಟಿನಲ್ಲಿ ನನ್ನ ಮುಂದೆ ಇತ್ತು. "ಇದಽ ಇತ್ತೇನ್ರಿ? ಖರೇನ?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆ ಕೇಳಿಸಿತು.

"ಹೌದ್ರಿ, ಇದಽ," ಎಂದರು. ಅವರ ಮುಖ ಅರಳಿತು.

ಜೇಬಿನಲ್ಲಿ ಪೆನ್ನಿತ್ತು, ಚೀಲದಲ್ಲಿ ನೋಟ್‌ಬುಕ್ಕಿತ್ತು. ನಲವತ್ತನೆಯ ಪುಟ ತೆಗೆದೂ ಬಿಟ್ಟಿದ್ದೆ. ಕಚೇರಿಯಲ್ಲಿ ಗಡಿಯ ತಂಟೆ ಬಂದಾಗ ಮುದುಕರನ್ನು ಎರಡು ಸಲ ಕೇಳುವುದು ನನ್ನ ರೂಢಿ. ಅದೇ ರೂಢಿ ಬಾಯಿಗೆ ಬಂತು. "ಇನ್ನೊಮ್ಮೆ ಬರೀರಿ ಅಕ್ಕಾರ. ನನ್ನ ಮಾರಿ ನೋಡಬ್ಯಾಡ್ರಿ, ನೆನಪಿದ್ದಂಗ ಬರೀರಿ."

ಅವರು ಹಿಟ್ಟು ಸಮ ಮಾಡಿದರು. ಬೆರಳು ಮೇಲೆಯೇ ಉಳಿಯಿತು. ಒಂದು ಸುತ್ತು ಬರೆದರು, ಅಳಿಸಿದರು. ಮತ್ತೆ ಕೂಡಿಸುವ ಗುರುತು ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಸಾಹೇಬ್ರ, ನಿಮಗ ಯಾವ್ದು ಬೇಕ್ರಿ? ಅದನ್ನಽ ಬರೀತೀನಿ."

ನಾನು ನೋಟ್‌ಬುಕ್ಕು ಮುಚ್ಚಿದೆ. ಮುಖ ನೋಡದೆ ಬರೆದದ್ದು ಮೊದಲ ಸಲ ಮಾತ್ರ, ಅದು ಕೂಡಿಸುವ ಗುರುತು. ಅದೇ ನಿಜವಿದ್ದರೂ ಇರಬಹುದು, ಅದೂ ಖಾತ್ರಿಯಿಲ್ಲ. ಪಂಡಿತರೇ ಸರಿಯೋ, ನಾನೇ ಸರಿಯೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. "ಸಾಕು ಅಕ್ಕಾರ, ಇನ್ನ ತಿಕ್ಕಬ್ಯಾಡ್ರಿ," ಎಂದೆ. ಬಿಲ್ಲೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಜಗಲಿಯ ಮೇಲೆ ಇಟ್ಟು, ಚಿಟಿಕೆ ಅರಿಶಿನ ಹಚ್ಚಿ, ಒಂದು ಗಳಿಗೆ ಅಲ್ಲೇ ನಿಂತರು. ಅತ್ತೆಗೆ ಏನು ಹೇಳಿದರೋ ನನಗೆ ಕೇಳಲಿಲ್ಲ.

ತಿರುಗಿ ಬಂದು, "ಉಣ್ಣದ ಹೋಗಬ್ಯಾಡ್ರಿ," ಎಂದರು. ಅರ್ಧ ಬರೆದ ಅಕ್ಷರವಿದ್ದ ಹಿಟ್ಟನ್ನೇ ಬಳಿದು, ಬಿಸಿನೀರು ಹಾಕಿ ನಾದಿ, ರೊಟ್ಟಿ ಬಡಿದರು. ನಾನು ಎರಡು ರೊಟ್ಟಿ ತಿಂದೆ. ಪಲ್ಯ ಬಿಡಲಿಲ್ಲ.